ಗೂಬೆ ಕೂತಲ್ಲೇ ಕೂತಿರಲಿ, ಲೊಕೇಶನ್ ಕಳಿಸಬೇಡಿ



ಈ ವಾರದ ಬರಹ ಗೊಬ್ಬರದ ಬಗ್ಗೆ ಅಲ್ಲ, ರೋಗದ ಬಗ್ಗೆಯೂ ಅಲ್ಲ. ನಾನು ಮಾಡಿದ ಒಂದು ತಪ್ಪಿನ ಬಗ್ಗೆ. ಆ ತಪ್ಪು ಮಾಡೋಕೆ ನನಗೆ ಬೇಕಾಗಿದ್ದು ಒಂದು ಮೊಬೈಲು, ಅರ್ಧ ನಿಮಿಷ ಟೈಮು, ಅಷ್ಟೇ. ನಿಮ್ಮ ಜೇಬಲ್ಲೂ ಅಂಥದೇ ಮೊಬೈಲ್ ಇದೆ. ಅದಕ್ಕೇ ಹೇಳ್ತಿದ್ದೀನಿ.

ನಮ್ಮದು ಮಂಡ್ಯ ಜಿಲ್ಲೆ, ನಾಲೆ ಬಯಲು. ಮೂರೂವರೆ ಎಕರೆ ಜಮೀನು. ಒಂದಷ್ಟು ಕಬ್ಬು, ಒಂದಷ್ಟು ಭತ್ತ, ಬದುವಿನ ಮೇಲೆ ತೆಂಗು. ಜಮೀನಿನ ಮೂಲೆಯಲ್ಲಿ ತಾತನ ಕಾಲದ ಆಲೆಮನೆ ಇದೆ. ಗಾಣ ನಿಲ್ಲಿಸಿ ಹತ್ತು ವರ್ಷದ ಮೇಲಾಯ್ತು. ಈಗ ಅಲ್ಲಿ ಹಳೇ ಪೈಪು, ತೆಂಗಿನ ಮಟ್ಟೆ, ಗೋಣಿಚೀಲ ತುಂಬಿದ್ದೀವಿ. ಅದರ ಅಟ್ಟದ ಮೇಲೆ ಒಂದು ಜೋಡಿ ಕಣಜ ಗೂಬೆ ಇದ್ದವು. ಹೃದಯದ ಆಕಾರದ ಬಿಳಿ ಮುಖ, ಬೆನ್ನ ಮೇಲೆ ಹೊಂಬಣ್ಣಕ್ಕೆ ಬೂದಿ ಎರಚಿದಂಗೆ ಚುಕ್ಕಿ. ರಾತ್ರಿ ಅದು ಕಿರುಚಿದರೆ ಗೊತ್ತಿಲ್ಲದವರು ಎದೆ ಹಿಡ್ಕೋಬೇಕು, ಹಂಗಿರುತ್ತೆ ದನಿ.

ಅವ್ವನಿಗೆ ಅವು ಇರೋದು ಹಿಡಿಸ್ತಿರಲಿಲ್ಲ. ‘ಶನಿ ಪಕ್ಷಿ ಅದು, ಓಡಿಸ್ಲಾ’ ಅಂತ ವಾರಕ್ಕೊಂದು ಸಲ ಹೇಳೋರು. ನಾನು ಓಡಿಸಲಿಲ್ಲ. ಭಕ್ತಿಯಿಂದ ಅಲ್ಲ, ಲೆಕ್ಕ ನೋಡಿ. ಅಟ್ಟದ ಕೆಳಗೆ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು ಬಿದ್ದಿರ್ತಿದ್ದವು. ಗೂಬೆ ಇಲಿಯನ್ನ ನುಂಗಿ, ಅರಗದ ಕೂದಲು, ಮೂಳೆಯನ್ನ ಹಿಂಗೆ ಉಂಡೆ ಮಾಡಿ ಉಗುಳುತ್ತೆ. ಒಂದು ದಿನ ಒಂದು ಉಂಡೆಯನ್ನ ನೀರಲ್ಲಿ ನೆನೆಸಿ ಬಿಡಿಸಿದೆ. ಒಳಗೆ ಮೂರು ಇಲಿ ಬುರುಡೆ. ಭತ್ತ ಹೊಡೆ ತುಂಬೋ ಹೊತ್ತಿಗೆ ಬುಡ ಕತ್ತರಿಸೋದು ಇದೇ ಇಲಿ. ಅವತ್ತಿಂದ ಅವ್ವ ಏನು ಅಂದ್ರೂ ಗೂಬೆ ತಂಟೆಗೆ ಹೋಗಲಿಲ್ಲ.

ಒಂದು ಫೋಟೋ, ನಾಲ್ಕು ಭಾನುವಾರ

ಸಂಕ್ರಾಂತಿ ಕಳೆದು ಒಂದು ತಿಂಗಳಾಗಿತ್ತು. ಸಂಜೆ ಪೈಪು ತರೋಕೆ ಹೋದಾಗ ಎರಡೂ ಗೂಬೆ ಪಕ್ಕಪಕ್ಕ ಕೂತು ನನ್ನನ್ನೇ ನೋಡ್ತಿದ್ದವು. ಮೊಬೈಲ್ ತೆಗೆದೆ, ಒಂದು ಫೋಟೋ ಹೊಡೆದೆ. ಚೆನ್ನಾಗಿ ಬಂತು. ಊರಿನ ಗ್ರೂಪಿಗೆ ಹಾಕಿದೆ, ಸ್ಟೇಟಸ್‌ಗೂ ಹಾಕಿದೆ. ‘ನಮ್ಮ ಆಲೆಮನೆ ವಾಚ್‌ಮನ್‌ಗಳು’ ಅಂತ ಬರೆದೆ. ನಿಜ ಹೇಳಬೇಕಂದ್ರೆ ಸ್ವಲ್ಪ ಜಂಬವೂ ಇತ್ತು.

ನಾನು ಗಮನಿಸದೇ ಇದ್ದದ್ದು ಒಂದೇ. ಹನಿ ನೀರಾವರಿ ಸಬ್ಸಿಡಿಗೆ ಫೋಟೋ ಕೊಡೋಕೆ ಅಂತ ಜಿಪಿಎಸ್ ಕ್ಯಾಮೆರಾ ಆ್ಯಪ್ ಹಾಕ್ಕೊಂಡಿದ್ದೆ. ಆ ಫೋಟೋವನ್ನೂ ಅದರಲ್ಲೇ ಹೊಡೆದಿದ್ದೆ. ಫೋಟೋ ಕೆಳಗೆ ಊರಿನ ಹೆಸರು, ತಾಲೂಕು, ಅಕ್ಷಾಂಶ, ರೇಖಾಂಶ ಎಲ್ಲಾ ಅಚ್ಚಾಗಿತ್ತು. ಮ್ಯಾಪ್‌ನಲ್ಲಿ ಆ ಅಂಕಿ ಹಾಕಿದರೆ ನೇರ ಆಲೆಮನೆ ಬಾಗಿಲಿಗೇ ತಂದು ನಿಲ್ಲಿಸುತ್ತೆ.

ನನ್ನ ಸ್ಟೇಟಸ್ ನೋಡಿದವನೊಬ್ಬ ಯಾವುದೋ ಹಕ್ಕಿ ಗ್ರೂಪಿಗೆ ಕಳಿಸಿದ. ಅಲ್ಲಿಂದ ಇನ್ನೊಂದಕ್ಕೆ. ಮುಂದಿನ ಭಾನುವಾರ ಬೆಳಗ್ಗೆ ಏಳಕ್ಕೆ ಎರಡು ಕಾರು ಬಂದವು. ಮರ್ಯಾದಸ್ಥ ಜನ. ‘ಬ್ರದರ್, ಐದೇ ನಿಮಿಷ’ ಅಂದರು. ನಾನೇ ಕಾಫಿ ಕೊಟ್ಟು ಕರ್ಕೊಂಡು ಹೋದೆ. ಅದರ ಮುಂದಿನ ಭಾನುವಾರ ಐದು ಕಾರು. ಮೂರನೇ ವಾರ ನಾನು ನೀರು ಕಟ್ಟೋಕೆ ಹೋಗಿದ್ದೆ. ವಾಪಸ್ ಬರೋ ಹೊತ್ತಿಗೆ ಒಳಗೆ ಹತ್ತು ಹನ್ನೆರಡು ಜನ. ಬೆಳಕು ಸಾಲದು ಅಂತ ಒಂದು ಹೆಂಚು ಸರಿಸಿದ್ದರು. ಒಬ್ಬರು ಟಾರ್ಚ್ ಹಿಡಿದಿದ್ದರು. ಇನ್ನೊಬ್ಬರು ಮೊಬೈಲ್‌ಗೆ ಸಣ್ಣ ಸ್ಪೀಕರ್ ಸಿಕ್ಕಿಸಿ ಗೂಬೆಯ ಕೂಗು ಹಾಕ್ತಿದ್ದರು, ಅದು ಕಣ್ಣು ಬಿಟ್ಟು ಈ ಕಡೆ ತಿರುಗಲಿ ಅಂತ. ಮತ್ತೊಬ್ಬರು ಗೋಡೆಗೆ ಕೋಲಿಂದ ತಟ್ಟಿದರು.

ಒಂದು ಗೂಬೆ ಹಾರಿ ಹೊರಗೆ ಬಂತು. ಬೆಳಗಿನ ಎಂಟೂವರೆ ಬಿಸಿಲು. ತೆಂಗಿನ ಮರಕ್ಕೆ ಹೋಗಿ ಕೂತಿದ್ದೇ ತಡ, ಕಾಗೆಗಳು ಮುತ್ತಿಕೊಂಡವು. ಎರಡು ನಿಮಿಷದಲ್ಲಿ ಇಪ್ಪತ್ತು ಕಾಗೆ. ಗೂಬೆ ಒಂದು ಮರದಿಂದ ಇನ್ನೊಂದಕ್ಕೆ, ಅಲ್ಲಿಂದ ಕಬ್ಬಿನ ಗದ್ದೆಗೆ ಬಿತ್ತು. ಬಂದವರು ಅದನ್ನೂ ಫೋಟೋ ಹೊಡೆದರು. ನಾನು ಸುಮ್ಮನೆ ನಿಂತಿದ್ದೆ. ಅತಿಥಿಗಳಿಗೆ ಹೆಂಗೆ ಬಯ್ಯೋದು ಅಂತ.

ನಾಲ್ಕನೇ ಭಾನುವಾರವೂ ಜನ ಬಂದರು. ಗೂಬೆ ಇರಲಿಲ್ಲ. ವಾರ ಕಾದು ಏಣಿ ಹಾಕಿ ಅಟ್ಟ ಹತ್ತಿ ನೋಡಿದೆ. ಮೂಲೆಯಲ್ಲಿ, ಹಳೇ ಉಂಡೆಗಳ ಪುಡಿ ಮೇಲೆ, ನಾಲ್ಕು ಬಿಳಿ ಮೊಟ್ಟೆ. ಮುಟ್ಟಿ ನೋಡಿದೆ. ತಣ್ಣಗಿದ್ದವು.

ಅವರಿಂದಲೇ ಹೋದವು ಅಂತ ಸಾಬೀತು ಮಾಡೋಕೆ ನನ್ನ ಹತ್ತಿರ ಏನೂ ಇಲ್ಲ. ಆದರೆ ನಾಲ್ಕು ವರ್ಷ ಇದ್ದ ಜೋಡಿ ನಾಲ್ಕು ವಾರದಲ್ಲಿ ಜಾಗ ಬಿಟ್ಟಿತು. ಮಧ್ಯದಲ್ಲಿ ಬದಲಾಗಿದ್ದು ಒಂದೇ ವಿಷಯ. ಆ ಬದಲಾವಣೆಗೆ ಬಾಗಿಲು ತೆಗೆದವನು ನಾನು.

ಹಗಲು ಅದಕ್ಕೆ ರಾತ್ರಿ

ಬಹಳ ಜನಕ್ಕೆ ಒಂದು ತಪ್ಪು ತಿಳುವಳಿಕೆ ಇದೆ. ‘ಗೂಬೆ ಹಗಲು ಸುಮ್ಮನೆ ಕೂತಿರುತ್ತೆ, ನೋಡಿದರೆ ಏನಾಗುತ್ತೆ?’ ಅಂತ. ಸುಮ್ಮನೆ ಕೂತಿದೆ ಅಂದರೆ ಆರಾಮಾಗಿದೆ ಅಂತ ಅರ್ಥ ಅಲ್ಲ. ನಿಮಗೆ ರಾತ್ರಿ ಹನ್ನೆರಡಕ್ಕೆ ಕರೆಂಟ್ ಬಂತು ಅಂತ ಎದ್ದು ಮೋಟ್ರು ಹಾಕೋಕೆ ಹೋಗಿ ಗೊತ್ತು. ಒಂದು ರಾತ್ರಿ ಆದರೆ ತಡ್ಕೋಬಹುದು. ದಿನಾ ಯಾರೋ ಬಂದು ಮುಖಕ್ಕೆ ಟಾರ್ಚ್ ಹಿಡಿದರೆ?

ಗೂಬೆಯ ಜೀವನ ಲೆಕ್ಕಾಚಾರದ್ದು. ರಾತ್ರಿ ಬೇಟೆ, ಹಗಲು ನಿದ್ದೆ. ಕಣಜ ಗೂಬೆ ಕತ್ತಲಲ್ಲಿ ಬರೀ ಕಿವಿಯಿಂದಲೇ ಇಲಿ ಹಿಡಿಯಬಲ್ಲದು. ಅದರ ಎರಡು ಕಿವಿ ಒಂದೇ ಎತ್ತರದಲ್ಲಿಲ್ಲ, ಒಂದು ಮೇಲೆ, ಒಂದು ಕೆಳಗೆ. ಆ ವ್ಯತ್ಯಾಸದಿಂದಲೇ ಸದ್ದು ಎಲ್ಲಿಂದ ಬಂತು ಅಂತ ಅದಕ್ಕೆ ಸರಿಯಾಗಿ ಗೊತ್ತಾಗೋದು. ಅಗಲ ಮುಖ ಕೇರುವ ಮೊರದ ಹಂಗೆ ಸದ್ದನ್ನ ಕಿವಿಗೆ ತಳ್ಳುತ್ತೆ. ರೆಕ್ಕೆಯ ಅಂಚಿನ ಗರಿ ಮೆತ್ತಗಿರೋದರಿಂದ ಹಾರುವಾಗ ಸದ್ದೇ ಬರಲ್ಲ. ಇಷ್ಟೆಲ್ಲಾ ಇರೋ ಹಕ್ಕಿಗೆ ಹಗಲು ಮಾತ್ರ ಶತ್ರುಗಳ ಹೊತ್ತು. ಕಾಗೆ, ಕಾಜಾಣ, ಪಿಕಳಾರ ಎಲ್ಲ ಸೇರಿ ಅಟ್ಟಿಸ್ತವೆ. ಅದಕ್ಕೇ ಅದು ಕತ್ತಲ ಮೂಲೆ, ಪೊಟರೆ, ದಟ್ಟ ಮರ ಹುಡುಕಿ ಅಡಗೋದು. ಅಡಗಿದ ಜಾಗದಿಂದ ಎಬ್ಬಿಸಿದರೆ ಶತ್ರುಗಳ ಮಧ್ಯಕ್ಕೆ ತಳ್ಳಿದ ಹಂಗೆ.

ಗೂಡಿದ್ದರೆ ಕಥೆ ಇನ್ನೂ ಸೂಕ್ಷ್ಮ. ಕಣಜ ಗೂಬೆ ಸುಮಾರು ಒಂದು ತಿಂಗಳು ಕಾವು ಕೊಡುತ್ತೆ. ಮೊಟ್ಟೆಗಳನ್ನ ಒಂದೇ ದಿನ ಇಡಲ್ಲ, ಎರಡು ಮೂರು ದಿನಕ್ಕೊಂದರಂತೆ ಇಡುತ್ತೆ. ಹಂಗಾಗಿ ಒಂದೇ ಗೂಡಲ್ಲಿ ದೊಡ್ಡ ಮರಿ, ಚಿಕ್ಕ ಮರಿ ಎರಡೂ ಇರುತ್ತೆ. ಮರಿ ಹಾರೋಕೆ ಎರಡು ತಿಂಗಳ ಹತ್ತಿರ ಬೇಕು. ಅಂದರೆ ಒಟ್ಟು ಮೂರು ತಿಂಗಳು ಆ ಜಾಗ ತಣ್ಣಗಿರಬೇಕು. ಅಷ್ಟರಲ್ಲಿ ಎಷ್ಟು ಭಾನುವಾರ ಬರುತ್ತೆ, ನೀವೇ ಎಣಿಸಿ.

ಇನ್ನು ಆ ಸ್ಪೀಕರ್ ವಿಷಯ. ಗೂಬೆಗೆ ತನ್ನದೇ ಆದ ಗಡಿ ಇದೆ, ನಮ್ಮ ಬದು ಇದ್ದಂಗೆ. ಇನ್ನೊಂದು ಗೂಬೆಯ ಕೂಗು ಕೇಳಿದರೆ ಯಾರೋ ಗಡಿ ಒತ್ತುವರಿ ಮಾಡೋಕೆ ಬಂದಿದ್ದಾರೆ ಅಂತ ಅದು ಎದ್ದು ಕೂರುತ್ತೆ. ಬೇಟೆ ಬಿಡುತ್ತೆ, ಕಾವು ಬಿಡುತ್ತೆ, ಇಲ್ಲದ ಶತ್ರುವನ್ನ ಹುಡುಕುತ್ತೆ. ದಿನಾ ರಾತ್ರಿ ಯಾರೋ ನಿಮ್ಮ ಬದು ಅಗೆಯೋ ಸದ್ದು ಕೇಳಿಸಿದರೆ ನೀವು ಮಲಗ್ತೀರಾ?

ನಮಗೇನು ನಷ್ಟ?

ಒಂದು ಸಣ್ಣ ಲೆಕ್ಕ. ಒಂದು ಕಣಜ ಗೂಬೆ ದಿನಕ್ಕೆ 2 ಇಲಿ ತಿನ್ನುತ್ತೆ ಅಂತ ಕಮ್ಮಿಯಲ್ಲೇ ಇಟ್ಕೊಳ್ಳಿ. ಜೋಡಿಗೆ 4. ವರ್ಷಕ್ಕೆ 1460. ಮರಿ ಇದ್ದರೆ ಇನ್ನೂ ಜಾಸ್ತಿ. ಮಲೇಷ್ಯಾದ ತಾಳೆ ತೋಟಗಳಲ್ಲಿ ಸಾಲಾಗಿ ಗೂಬೆ ಪೆಟ್ಟಿಗೆ ನಿಲ್ಲಿಸಿರೋದು ಇದಕ್ಕೇ. ಇಸ್ರೇಲ್‌ನಲ್ಲಿ 1980ರ ದಶಕದಲ್ಲಿ ಸ್ದೇ ಎಲಿಯಾಹು ಅನ್ನೋ ಕಿಬ್ಬುತ್ಸ್‌ನ ರೈತರು ಹೊಲದಲ್ಲಿ ಪೆಟ್ಟಿಗೆ ಇಡೋಕೆ ಶುರು ಮಾಡಿದರು. ಆಮೇಲೆ ಅದು ದೇಶದ ಕಾರ್ಯಕ್ರಮವಾಯ್ತು. ಪಕ್ಕದ ಜೋರ್ಡಾನ್ ರೈತರೂ ಸೇರಿಕೊಂಡರು. ಗಡಿಯಲ್ಲಿ ಜಗಳ ಇದ್ದರೂ ಇಲಿ ವಿಷಯದಲ್ಲಿ ಒಂದಾದರು.

ಹಂಗಂತ ಗೂಬೆ ಇದ್ದರೆ ಇಲಿ ಮಾಯ ಅಂತ ನಾನು ಹೇಳಲ್ಲ. ಇಲಿ ಸುಮಾರು ಮೂರು ವಾರಕ್ಕೆ ಮರಿ ಹಾಕೋ ಪ್ರಾಣಿ. ಬದು ಸಣ್ಣದಾಗಿ ಇಡಬೇಕು, ಕಳೆ ತೆಗೀಬೇಕು, ಬಿಲ ಅಗೀಬೇಕು, ಅಕ್ಕಪಕ್ಕದವರು ಒಟ್ಟಿಗೆ ಮಾಡಬೇಕು. ಗೂಬೆ ಇದಕ್ಕೆಲ್ಲ ಬದಲಿ ಅಲ್ಲ, ಜೊತೆಗಾರ. ಆದರೆ ಸಂಬಳ ಕೇಳದ, ರಜೆ ಹಾಕದ ಜೊತೆಗಾರ. ಅಂಥದ್ದನ್ನ ಒಂದು ಫೋಟೋಗೆ ಕಳ್ಕೊಳ್ಳೋದು ಬುದ್ಧಿವಂತಿಕೆಯ ವ್ಯಾಪಾರ ಅಲ್ಲ.

ಇನ್ನೊಂದು ಭಯವೂ ಇದೆ. ಲೊಕೇಶನ್ ನೋಡೋರು ಕ್ಯಾಮೆರಾದವರು ಮಾತ್ರ ಅಲ್ಲ. ಗೂಬೆ ಹಿಡಿದು ಮಾರೋರೂ ನೋಡ್ತಾರೆ. ದೀಪಾವಳಿ ಹೊತ್ತಿಗೆ ವಾಮಾಚಾರಕ್ಕೆ ಅಂತ ಗೂಬೆಗೆ ಬೇಡಿಕೆ ಬರುತ್ತೆ. ವನ್ಯಜೀವಿ ಮಾರಾಟದ ಮೇಲೆ ಕಣ್ಣಿಡೋ ಟ್ರಾಫಿಕ್ ಸಂಸ್ಥೆಯ ಭಾರತ ವಿಭಾಗ 2010ರಲ್ಲಿ ಇದರ ಬಗ್ಗೆಯೇ ಒಂದು ವರದಿ ಮಾಡಿತ್ತು. ನಮ್ಮ ದೇಶದ ಸುಮಾರು 30 ಜಾತಿ ಗೂಬೆಗಳಲ್ಲಿ 15 ಜಾತಿ ಕಳ್ಳ ಮಾರುಕಟ್ಟೆಯಲ್ಲಿ ಕಂಡಿದ್ದವು. ನೀವು ಖುಷಿಗೆ ಹಾಕಿದ ಮ್ಯಾಪ್ ಪಿನ್ ಇನ್ನೊಬ್ಬನಿಗೆ ದಾರಿ ತೋರಿಸೋ ಬೋರ್ಡ್ ಆಗಬಹುದು.

ಕಾನೂನು ಏನು ಹೇಳುತ್ತೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಗೂಬೆಗಳಿಗಿದೆ. ಹಿಡಿಯೋದು, ಸಾಕೋದು, ಮಾರೋದು ಅಪರಾಧ, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಆ ಕಾಯ್ದೆಯಲ್ಲಿ ‘ಬೇಟೆ’ ಅನ್ನೋ ಪದಕ್ಕೆ ಕೊಟ್ಟಿರೋ ಅರ್ಥದಲ್ಲಿ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡೋದೂ ಸೇರಿದೆ. ಬಂದೂಕು ಬೇಕಿಲ್ಲ. ಕ್ಯಾಮೆರಾ ಹಿಡಿದು ಗೂಡು ಕದಡಿದರೂ ಕಾಯ್ದೆಯ ಕಣ್ಣಲ್ಲಿ ಅದು ಬೇಟೆಯ ಲೆಕ್ಕಕ್ಕೇ ಬರಬಹುದು. ಬ್ರಿಟನ್‌ನಲ್ಲಂತೂ 1981ರ ಕಾಯ್ದೆ ಪ್ರಕಾರ ಗೂಡಿನಲ್ಲಿರೋ ಕಣಜ ಗೂಬೆಗೆ ಬೇಕಂತ ತೊಂದರೆ ಕೊಡೋದೇ ಅಪರಾಧ.

ಕಾನೂನು ಹೇಳಿ ಯಾರನ್ನೂ ಹೆದರಿಸಿ ಅಂತ ಹೇಳ್ತಿಲ್ಲ. ಆದರೆ ಬಂದವರು ‘ನೋಡೋಕೇನು ಕಾಸಾ ಕೊಡಬೇಕಾ’ ಅಂತ ದಬಾಯಿಸಿದರೆ ಈ ಮಾತು ನಿಮ್ಮ ಬಾಯಲ್ಲಿರಲಿ. ಜಮೀನು ನಿಮ್ಮದು. ಒಳಗೆ ಬರೋರನ್ನ ಬೇಡ ಅನ್ನೋ ಹಕ್ಕು ನಿಮಗಿದೆ.

‘ದುಡ್ಡು ಬರುತ್ತಲ್ಲ ಅಣ್ಣ?’

ನಮ್ಮ ಚಿಕ್ಕಪ್ಪನ ಮಗ ಕೇಳಿದ ಪ್ರಶ್ನೆ ಇದು. ‘ಅಣ್ಣ, ಒಂದು ಕ್ಯಾಮೆರಾಗೆ ಮುನ್ನೂರು ರೂಪಾಯಿ ಇಟ್ಟಿದ್ರೆ? ಭತ್ತದಲ್ಲಿ ಏನು ಸಿಗುತ್ತೆ?’ ಅಂದ. ಪ್ರಶ್ನೆ ತಪ್ಪಲ್ಲ. ಭತ್ತದ ರೇಟು ನೋಡಿದರೆ ಯಾರಿಗಾದರೂ ಹಂಗೇ ಅನ್ನಿಸುತ್ತೆ. ನಾನೂ ಎರಡು ದಿನ ಯೋಚನೆ ಮಾಡಿದೆ.

ಹಕ್ಕಿ ತೋರಿಸಿ ಸಂಪಾದನೆ ಮಾಡೋ ಊರುಗಳು ಇವೆ. ಸರ್ಬಿಯಾ ದೇಶದಲ್ಲಿ ಕಿಕಿಂಡಾ ಅನ್ನೋ ಪಟ್ಟಣ ಇದೆ, ಸುತ್ತ ಬರೀ ಹೊಲ. ಚಳಿಗಾಲದಲ್ಲಿ ಉದ್ದ ಕಿವಿಯ ಗೂಬೆಗಳು ನೂರಾರು ಬಂದು ಪಟ್ಟಣದ ಮಧ್ಯದ ಚೌಕದ ಮರಗಳ ಮೇಲೆ ಹಗಲು ನಿದ್ದೆ ಮಾಡ್ತವೆ, ರಾತ್ರಿ ಹೊಲಕ್ಕೆ ಹೋಗಿ ಇಲಿ ಹಿಡೀತವೆ. ಬೇರೆ ದೇಶಗಳಿಂದ ಜನ ನೋಡೋಕೆ ಬರ್ತಾರೆ. ಆದರೆ ವ್ಯತ್ಯಾಸ ನೋಡಿ. ಅಲ್ಲಿ ಮರ ಎತ್ತರ, ಜನ ಕೆಳಗೆ ರಸ್ತೆಯಲ್ಲಿ. ಗೂಬೆ ತಾನಾಗೇ ಜನರ ನಡುವೆ ಬಂದು ಕೂತಿದೆ. ಅದು ಚಳಿಗಾಲದ ನಿದ್ದೆ ಜಾಗ, ಗೂಡಲ್ಲ. ನಮ್ಮಲ್ಲಿ ಇರೋದು ಒಂದೇ ಜೋಡಿ, ಒಂದೇ ಬಾಗಿಲ ಕೊಠಡಿ, ಕೆಳಗೆ ಮೊಟ್ಟೆ. ಅಲ್ಲಿ ನಡೆದದ್ದು ಇಲ್ಲಿ ನಡೆಯಲ್ಲ.

ಅಷ್ಟು ದೂರ ಯಾಕೆ, ನಮ್ಮ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರನ್ನೇ ತಗೊಳ್ಳಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಹುಣಸೆ ಮರದ ಮೇಲೆ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರವರು ನೋಡ್ಕೋತಾರೆ. ಹುಣಸೆ ಫಸಲು ಹೋದರೂ ಮರ ಕಡಿಯಲಿಲ್ಲ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಆಯ್ತು. ಜನ ನೋಡೋಕೆ ಬರ್ತಾರೆ, ಕೆಳಗಿಂದ ನೋಡ್ತಾರೆ, ಹೋಗ್ತಾರೆ. ಬಾಣಂತಿ ಕೋಣೆಗೆ ನುಗ್ಗೋದು ಮಾತ್ರ ಯಾವ ಊರಲ್ಲೂ ಸಂಪ್ರದಾಯ ಅಲ್ಲ.

ಅದಕ್ಕೆ ತಮ್ಮನಿಗೆ ನಾನು ಹೇಳಿದ್ದು ಇಷ್ಟು. ಹಕ್ಕಿ ತೋರಿಸಿ ದುಡ್ಡು ಮಾಡು, ಬೇಡ ಅನ್ನಲ್ಲ. ನಾಲೆ ಮೇಲೆ ಮಿಂಚುಳ್ಳಿ ಇದೆ, ಕಂಬಿ ಮೇಲೆ ಕಳ್ಳಿಪೀರ ಇದೆ, ಗದ್ದೆಯಲ್ಲಿ ಬೆಳ್ಳಕ್ಕಿ ಇದೆ, ಭತ್ತದ ತೆನೆಯಲ್ಲಿ ಮುನಿಯಾ ಇದೆ. ಬೆಳಗ್ಗೆ ಬದುವಿನ ಮೇಲೆ ನಡೆಸು, ರಾಗಿ ರೊಟ್ಟಿ ಹಾಕು, ದುಡ್ಡು ತಗೋ. ಗೂಬೆ ಮಲಗೋ ಜಾಗ, ಯಾವುದೇ ಹಕ್ಕಿಯ ಗೂಡು, ಇವೆರಡು ಮಾರಾಟಕ್ಕಿಲ್ಲ. ಸಂಜೆ ಗೂಬೆ ತಾನಾಗಿ ಹೊರಗೆ ಬಂದು ಕಂಬದ ಮೇಲೆ ಕೂತರೆ ದೂರದಿಂದ ನೋಡಲಿ. ಅದು ನ್ಯಾಯ.

ಹಕ್ಕಿ ನೋಡೋರೆಲ್ಲ ಕೆಟ್ಟವರಲ್ಲ

ಇದನ್ನೂ ಹೇಳದಿದ್ದರೆ ತಪ್ಪಾಗುತ್ತೆ. ಮೊದಲ ಭಾನುವಾರ ಬಂದವರಲ್ಲಿ ವಯಸ್ಸಾದ ಒಬ್ಬರಿದ್ದರು. ಅವರು ಒಳಗೆ ಬರಲೇ ಇಲ್ಲ. ಹುಣಸೆ ಮರದ ಕೆಳಗೆ ಕೂತು ದುರ್ಬೀನಿನಿಂದ ಬಾಗಿಲ ಕಡೆ ನೋಡ್ತಿದ್ದರು. ‘ಗೂಡು ಇದ್ದರೂ ಇರಬಹುದು. ಇವರನ್ನ ಒಳಗೆ ಬಿಡಬೇಡಪ್ಪ’ ಅಂದರು. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಹಕ್ಕಿಗಳ ಬಗ್ಗೆ ನಮಗೆ ಇವತ್ತು ಇರೋ ಮಾಹಿತಿಯಲ್ಲಿ ಬಹುಪಾಲು ಅಂಥವರೇ ಬರೆದಿಟ್ಟಿದ್ದು. ಪುಣೆ ಹತ್ತಿರದ ಪಿಂಗೋರಿ ಅನ್ನೋ ಹಳ್ಳಿಯಲ್ಲಿ 2018ರಲ್ಲಿ ಗೂಬೆ ಹಬ್ಬವನ್ನೇ ಶುರು ಮಾಡಿದರು. ಮಕ್ಕಳು ಗೂಬೆ ಚಿತ್ರ ಬರೆದು, ಗೊಂಬೆ ಮಾಡಿ ಅಪಶಕುನದ ಭಯ ಕಳ್ಕೊಳ್ಳಲಿ ಅಂತ. ಗೂಬೆಯನ್ನ ಎಬ್ಬಿಸದೆಯೂ ಗೂಬೆಯ ಹಬ್ಬ ಮಾಡಬಹುದು.

ಇನ್ನೊಂದು ಕಹಿ ಮಾತು. ಪೇಟೆಯವರ ತಲೆ ಮೇಲೆ ಗೂಬೆ ಕೂರಿಸೋದು ಸುಲಭ. ನಾವೇನು ಕಮ್ಮಿ? ಬ್ರೋಮಾಡಿಯೋಲೋನ್ ಇಟ್ಟ ಇಲಿ ತಕ್ಷಣ ಸಾಯಲ್ಲ, ಕೆಲವು ದಿನ ತೂರಾಡ್ಕೊಂಡು ಓಡಾಡುತ್ತೆ. ಗೂಬೆಗೆ ಅದೇ ಸುಲಭದ ಬೇಟೆ. ತಿಂದ ಗೂಬೆಯ ಮೈಗೂ ವಿಷ ಹೋಗುತ್ತೆ. ಗೂಬೆ ಇರೋ ಕಡೆ ಪಾಷಾಣ ಕಡಿಮೆ ಮಾಡಿ, ಬೋನು ಇಡಿ, ಬಿಲ ಅಗೆಯಿರಿ. ಇಟ್ಟೇ ತೀರಬೇಕಾದರೆ ಸತ್ತ ಇಲಿಗಳನ್ನ ದಿನಾ ಬೆಳಗ್ಗೆ ಹುಡುಕಿ ಹೂತುಬಿಡಿ. ಒಣಗಿದ ತೆಂಗಿನ ಮರ ಅಂತ ತಕ್ಷಣ ಕೆಡವಬೇಡಿ. ಪೊಟರೆಯಲ್ಲಿ ಹಾಲಕ್ಕಿ ಇದೆಯಾ ನೋಡಿ.

ನಾವು ಮಾಡಬಹುದಾದದ್ದು

ನನ್ನ ಅನುಭವದಿಂದ ಕಲಿತದ್ದನ್ನ ಪಟ್ಟಿ ಮಾಡಿದ್ದೀನಿ.

1. ಗೂಬೆ ಎಲ್ಲಿದೆ ಅಂತ ತಿಳ್ಕೊಳ್ಳಿ, ಆದರೆ ಹುಡುಕ್ಕೊಂಡು ಹತ್ತಬೇಡಿ. ಕೆಳಗೆ ಸುಣ್ಣ ಚೆಲ್ಲಿದಂಥ ಬಿಳಿ ಹಿಕ್ಕೆ, ಕಪ್ಪು ಉಂಡೆ ಬಿದ್ದಿದ್ದರೆ ಮೇಲೆ ಗೂಬೆ ಇದೆ ಅಂತ ಅರ್ಥ. ಅಷ್ಟು ಸಾಕು.

2. ಅದರ ಮೈ ಓದೋದು ಕಲೀರಿ. ಕಣ್ಣು ಅರ್ಧ ಮುಚ್ಚಿ ಮೈ ಉಬ್ಬಿಸಿ ಕೂತಿದ್ದರೆ ಆರಾಮಾಗಿದೆ. ಕಣ್ಣು ಅರಳಿಸಿ ನಿಮ್ಮನ್ನೇ ನೋಡಿದರೆ, ಮೈ ಸೆಟೆದು ತೆಳ್ಳಗಾದರೆ, ತಲೆ ಮೇಲೆ ಕೆಳಗೆ ಆಡಿಸಿದರೆ, ಬುಸ್ಸೆಂದರೆ, ಕೊಕ್ಕು ಕಟಕಟ ಅನ್ನಿಸಿದರೆ ನೀವು ತೀರಾ ಹತ್ತಿರ ಇದ್ದೀರಿ. ಬೆನ್ನು ತಿರುಗಿಸಿ ನಿಧಾನಕ್ಕೆ ಬನ್ನಿ. ಹಾರೋವರೆಗೂ ಕಾಯಬೇಡಿ.

3. ಫೋಟೋ ಬೇಕಂದರೆ ಒಂದೇ, ದೂರದಿಂದ, ಫ್ಲ್ಯಾಶ್ ಇಲ್ಲದೆ. ಮೊಟ್ಟೆ, ಮರಿ ಇದ್ದಾಗ ಅದೂ ಬೇಡ.

4. ಮೊಬೈಲ್ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ. ಸಬ್ಸಿಡಿಗೆ ಹಾಕ್ಕೊಂಡ ಜಿಪಿಎಸ್ ಆ್ಯಪ್‌ನಲ್ಲಿ ಹಕ್ಕಿ ಫೋಟೋ ಬೇಡವೇ ಬೇಡ. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸಿದರೆ ಒಳಗಿನ ಲೊಕೇಶನ್ ಮಾಹಿತಿ ಹೋಗಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹೋಗುತ್ತೆ. ಫೋಟೋ ಮೇಲೆಯೇ ಅಚ್ಚಾದದ್ದು ಎಲ್ಲಿಗೆ ಕಳಿಸಿದರೂ ಅಳಿಯಲ್ಲ.

5. ಹಿಂದೆ ಕಾಣೋ ದೇವಸ್ಥಾನ, ಟ್ಯಾಂಕು, ಬೋರ್ಡು ಕೂಡ ವಿಳಾಸವೇ. ಕತ್ತರಿಸಿ ಹಾಕಿ. ಮರಿ ಹಾರಿ ಹೋಗಿ ತಿಂಗಳಾದ ಮೇಲೆ ಹಾಕಿದರೆ ಇನ್ನೂ ಒಳ್ಳೇದು. ಊರಿನ ಹೆಸರು ಬೇಡ, ಜಿಲ್ಲೆ ಸಾಕು. ಐನ್ಯಾಚುರಲಿಸ್ಟ್‌ನಂಥ ತಾಣದಲ್ಲಿ ಜಾಗ ಮಸುಕು ಮಾಡೋ ಆಯ್ಕೆ ಇದೆ, ಅದನ್ನ ಬಳಸಿ.

6. ಯಾರಾದರೂ ‘ಲೊಕೇಶನ್ ಕಳ್ಸು ಗುರು’ ಅಂದರೆ ಒಂದೇ ಉತ್ತರ: ‘ಗೂಡಿದೆ ಸರ್, ಈಗ ಬೇಡ.’ ನಿಜವಾದ ಹಕ್ಕಿಪ್ರಿಯ ಇದಕ್ಕೆ ಖುಷಿಪಡ್ತಾನೆ. ಮುನಿಸಿಕೊಂಡವನು ಬರದಿರೋದೇ ಮೇಲು.

7. ಬಂದುಬಿಟ್ಟರೆ ಗಡಿ ಹಾಕಿ. ‘ಈ ಬದುವಿನಿಂದ ಆಚೆಗೆ ಬೇಡ. ಸ್ಪೀಕರ್ ಬೇಡ, ಟಾರ್ಚ್ ಬೇಡ, ಕೊಂಬೆ ಕತ್ತರಿಸೋದು ಬೇಡ.’ ಮೆಲ್ಲಗೆ ಹೇಳಿ, ಆದರೆ ಮೊದಲೇ ಹೇಳಿ. ನಾನು ಹೇಳೋದು ತಡ ಮಾಡಿದೆ.

8. ಗಾಯವಾದ ಗೂಬೆ, ಕೆಳಗೆ ಬಿದ್ದ ಮರಿ ಕಂಡರೆ ಮನೆಗೆ ತಂದು ಸಾಕಬೇಡಿ, ನೀರು ಹಾಲು ಕುಡಿಸಬೇಡಿ. ನಾಯಿ, ಬೆಕ್ಕು, ಕಾಗೆ ಹತ್ತಿರ ಬರದಂಗೆ ನೋಡ್ಕೊಂಡು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಕೊನೆಗೆ

ಆ ವರ್ಷ ಬೇಸಿಗೆ ಭತ್ತಕ್ಕೆ ಇಲಿ ಕಾಟ ಜಾಸ್ತಿಯೇ ಇತ್ತು. ಗೂಬೆ ಇಲ್ಲದ್ದೇ ಕಾರಣ ಅಂತ ಆಣೆ ಮಾಡಲ್ಲ. ಆದರೆ ಸಂಜೆ ನೀರು ಕಟ್ಟಿ ಬರುವಾಗ ಆಲೆಮನೆ ಕಡೆಯಿಂದ ಕಿರುಚಾಟ ಕೇಳದೆ ಒಂಥರಾ ಆಗ್ತಿತ್ತು. ಅವ್ವನೇ ಒಂದು ದಿನ ಕೇಳಿದರು, ‘ಎಲ್ಲಿ ಹೋದ್ವಲಾ ಅವು?’

ಸರಿಸಿದ್ದ ಹೆಂಚು ಮತ್ತೆ ಹಾಕಿದೆ. ಬಾಗಿಲಿಗೆ ಬೀಗ ಹಾಕಿ ಮೇಲಿನ ಕಿಂಡಿ ಮಾತ್ರ ಬಿಟ್ಟೆ. ಪೈಪು, ಚೀಲ ಎಲ್ಲಾ ಬೇರೆ ಕಡೆ ಸಾಗಿಸಿದೆ. ಪಾಷಾಣ ಇಡೋದು ನಿಲ್ಲಿಸಿದೆ. ಫೋಟೋ ಡಿಲೀಟ್ ಮಾಡಿದೆ, ಆದರೆ ಅದು ಇನ್ನೂ ಯಾರ ಯಾರ ಮೊಬೈಲ್‌ನಲ್ಲಿದೆಯೋ ಗೊತ್ತಿಲ್ಲ. ಕಳಿಸಿದ್ದನ್ನ ವಾಪಸ್ ತಗೊಳ್ಳೋಕೆ ಬಟನ್ ಇಲ್ಲ.

ಹೋದ ತಿಂಗಳು ಒಂದು ರಾತ್ರಿ ಅವ್ವ ನನ್ನನ್ನ ಎಬ್ಬಿಸಿದರು. ಹೊರಗೆ ಬಂದು ಜಗಲಿ ಮೇಲೆ ನಿಂತೆವು. ಕತ್ತಲಲ್ಲಿ ಎಲ್ಲೋ ಅದೇ ಹಳೇ ಕಿರುಚಾಟ. ಎರಡು ಸಲ ಕೇಳಿಸಿತು. ನಾನು ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದೆ.

‘ಬಂದಂಗೈತೆ ಕಣ್ಲಾ’ ಅಂದರು ಅವ್ವ. ಆಮೇಲೆ ನನ್ನ ಕೈಯಲ್ಲಿದ್ದ ಮೊಬೈಲ್ ನೋಡಿ, ‘ಅದನ್ನ ಒಳಗಿಡು. ಯಾರ್ಗೂ ಹೇಳ್ಬ್ಯಾಡ.’

ನಾನೂ ಈಗ ನಿಮಗೆ ಬಂದಿದೆ ಅಂತ ಮಾತ್ರ ಹೇಳಿದ್ದೀನಿ. ಎಲ್ಲಿ ಅಂತ ಕೇಳಬೇಡಿ.